3ಡಿ ಚಿತ್ರದಲ್ಲಿ ಗಟ್ಟಿ ಕಂಡರೆ ಶೆಡ್ ಗಟ್ಟಿಯೇ?

ಕುಷ್ಟಗಿ ಕಡೆ ದನಕ್ಕೋ ಟ್ರ್ಯಾಕ್ಟರಿಗೋ ತಗಡಿನ ಶೆಡ್ ಹಾಕಿಸುವ ಯೋಚನೆ ಇದೆಯೇ? ಈಗ ಕಂಪ್ಯೂಟರ್‌ನಲ್ಲಿ ಬಿಡಿಸಿದ 3ಡಿ ಚಿತ್ರ ವಾಟ್ಸಾಪ್‌ಗೇ ಬರುತ್ತದೆ. ಜೊತೆಗೆ "ಎರಡು ಇಂಚಿನ ಪೈಪು, ಭಾರಿ ಗಟ್ಟಿ" ಎಂಬ ಮಾತೂ ಇರುತ್ತದೆ. ಇಷ್ಟನ್ನೇ ನಂಬಿ ಒಪ್ಪಬಹುದೇ? ಬೇಡ. ಏಕೆಂದು ನೋಡೋಣ.

ದಪ್ಪ ಚಿತ್ರದಲ್ಲಿ ಕಾಣುವುದಿಲ್ಲ
2 ಮಿ.ಮೀ. ಪೈಪೂ 3 ಮಿ.ಮೀ. ಪೈಪೂ ಹೊರಗಿನಿಂದ ಒಂದೇ ತರಹ. ಆದರೆ 20 ಅಡಿಯ 50×50 ಚೌಕ ಪೈಪು 2 ಮಿ.ಮೀ. ದಪ್ಪವಿದ್ದರೆ ಸುಮಾರು 18 ಕೆಜಿ, 3 ಮಿ.ಮೀ. ಇದ್ದರೆ ಸುಮಾರು 26 ಕೆಜಿ ತೂಗುತ್ತದೆ. "ಎರಡು ಇಂಚು" ಎಂಬ ಮಾತಿಗೂ ಎರಡು ಅರ್ಥ. ಚೌಕ ಪೈಪಿಗೆ ಅದು ಹೊರ ಅಳತೆ, ಸುಮಾರು 50 ಮಿ.ಮೀ. ದುಂಡು ಪೈಪಿಗೆ ಅದು ಒಳರಂಧ್ರದ ಲೆಕ್ಕದ ಹೆಸರು. ಹೊರ ಅಳತೆ 60.3 ಮಿ.ಮೀ.

ಹಾಗಾದರೆ ದಪ್ಪ ಪೈಪೇ ಗಟ್ಟಿಯೇ?
ಯಾವಾಗಲೂ ಅಲ್ಲ. 60×60×2 ಪೈಪು 50×50×3ಕ್ಕಿಂತ ಹಗುರ, ಆದರೂ ಅದೇ ಭಾರಕ್ಕೆ ಸುಮಾರು ಶೇ. 20ರಷ್ಟು ಕಡಿಮೆ ಬಾಗುತ್ತದೆ. ಕಬ್ಬಿಣ ನಡುವಿನಿಂದ ದೂರವಿದ್ದಷ್ಟೂ ಬಾಗುವುದು ಕಡಿಮೆ. 100×50×3 ಪೈಪನ್ನು ಮಲಗಿಸುವ ಬದಲು ನಿಲ್ಲಿಸಿ ಕೂರಿಸಿದರೆ ಮೂರು ಪಟ್ಟು ಬಿಗಿ. ಆದರೆ ತೀರಾ ತೆಳು ಪೈಪು ವೆಲ್ಡಿಂಗ್‌ನಲ್ಲಿ ತೂತಾಗುತ್ತದೆ, ತುಕ್ಕು ಹಿಡಿದರೆ ಬೇಗ ಕೆಡುತ್ತದೆ.

ಕಂಪ್ಯೂಟರ್ ಮಾಡುವುದೇನು?
ಸಾಲಿಡ್‌ವರ್ಕ್ಸ್‌ನಂತಹ ತಂತ್ರಾಂಶದಲ್ಲಿ ಚೌಕಟ್ಟನ್ನು ಮೊದಲು ಬರೀ ಗೆರೆಗಳಲ್ಲಿ ಬಿಡಿಸಿ, ಆಮೇಲೆ ಪ್ರತಿ ಗೆರೆಗೂ ಪೈಪಿನ ಅಳತೆ ಆರಿಸುತ್ತಾರೆ. ಅಳತೆ ಬದಲಿಸಿದರೆ ತುಂಡುಗಳ ಉದ್ದವೂ ಬದಲಾಗುತ್ತದೆ. ಕಂಬಗಳು ನಿಂತ ಜಾಗ ಬದಲಾಗದೆ ಕಂಬ ಮಾತ್ರ 50ರಿಂದ 60 ಮಿ.ಮೀ. ಆದರೆ, ನಡುವಿನ ಅಡ್ಡ ಪೈಪು 10 ಮಿ.ಮೀ. ಗಿಡ್ಡವಾಗಬೇಕು. ಹಳೆಯ ಕಟಿಂಗ್ ಪಟ್ಟಿ ಹಿಡಿದು ಕತ್ತರಿಸಿದರೆ ಪೈಪು ಕೂರುವುದಿಲ್ಲ. ಅಂಗಡಿಯಲ್ಲಿ ಆ ಅಳತೆ ಸಿಗದೆ ತೆಳು ಪೈಪು ಹಾಕಿದರೂ, ನಿಮ್ಮ ಮೊಬೈಲ್‌ನ ಚಿತ್ರ ಹಾಗೇ ಇರುತ್ತದೆ. ಗೊತ್ತಾಗುವುದು ಬಿರುಗಾಳಿ ಬೀಸಿದಾಗ.

ನೀವು ಏನು ಮಾಡಬೇಕು?
• ಚಿತ್ರದ ಜೊತೆ ಕಟಿಂಗ್ ಪಟ್ಟಿಯನ್ನೂ ಕೇಳಿ. ಅದರಲ್ಲಿ 60×60×2 ಎಂಬಂತೆ ಮೂರೂ ಅಳತೆ ಇರಲಿ.
• ಅಳತೆ ಬದಲಾದರೆ ಹೊಸ ಪಟ್ಟಿ ಪಡೆಯಿರಿ.
• ಪೈಪು ಬಂದಾಗ ತೂಕ ಹಾಕಿಸಿ, ತುದಿಯಲ್ಲಿ ವರ್ನಿಯರ್ ಇಟ್ಟು ದಪ್ಪ ನೋಡಿ.
• ದೊಡ್ಡ ಶೆಡ್ ಆದರೆ ಗಾಳಿಯ ಒತ್ತಡದ ಲೆಕ್ಕವನ್ನು ಎಂಜಿನಿಯರ್ ಹತ್ತಿರ ಮಾಡಿಸಿ. ಇದಕ್ಕೆ ಐಎಸ್ 875ರ 3ನೇ ಭಾಗ ಎಂಬ ಭಾರತೀಯ ಮಾನದಂಡವೇ ಇದೆ.

ಶೆಡ್ ಹಾಕಿಸುವವರು ನಿಮ್ಮ ಗುಂಪಿನಲ್ಲಿದ್ದರೆ, ಪೈಪು ಕೊಳ್ಳುವ ಮೊದಲೇ ಇದನ್ನು ಅವರಿಗೆ ಕಳಿಸಿ.