ಭಾವಚಿತ್ರ ಬದಲಾಯಿಸಿದರೂ ಹಳೆಯದೇ ಕಾಣಿಸುವುದೇಕೆ? – ಅರ್ಜಿದಾರರ ಮಾಹಿತಿಗಾಗಿ

ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಿದವರು ತಮ್ಮ ಭಾವಚಿತ್ರ ಅಥವಾ ಸಹಿಯ ಪ್ರತಿಯನ್ನು ಬದಲಾಯಿಸಿದ ನಂತರವೂ ಪರದೆಯ ಮೇಲೆ ಹಳೆಯದೇ ಕಾಣಿಸುವುದುಂಟು. ತಿದ್ದುಪಡಿ ದಾಖಲಾಗಿಲ್ಲವೆಂದು ಭಾವಿಸಿ ಎರಡನೆಯ ಅರ್ಜಿ ಸಲ್ಲಿಸಿದಲ್ಲಿ ಶುಲ್ಕವನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಹಾಗೆ ಮಾಡುವ ಮುನ್ನ ಇದರ ಕಾರಣವನ್ನು ತಿಳಿಯುವುದು ಒಳಿತು.

ಇಂತಹ ಜಾಲತಾಣಗಳಲ್ಲಿ ಅರ್ಜಿ ಮತ್ತು ಚಿತ್ರಗಳು ಸಾಮಾನ್ಯವಾಗಿ ಹಿಂಬದಿಯ ಸರ್ವರ್‌ನಲ್ಲಿರುತ್ತವೆ. ಸಾರ್ವಜನಿಕರ ಕೋರಿಕೆಗಳನ್ನು ಸ್ವೀಕರಿಸುವುದು ಮುಂಬದಿಯ ವೆಬ್ ಸರ್ವರ್. ಒಂದೇ ಚಿತ್ರಕ್ಕಾಗಿ ಪದೇ ಪದೇ ಹಿಂಬದಿಯನ್ನು ಕೇಳುವುದನ್ನು ತಪ್ಪಿಸಲು ಇದು ಚಿತ್ರದ ನಕಲೊಂದನ್ನು ತನ್ನಲ್ಲಿ ಇರಿಸಿಕೊಳ್ಳುತ್ತದೆ. ಈ ಸಂಗ್ರಹವೇ ಕ್ಯಾಶ್. ತಮ್ಮ ಗಣಕಯಂತ್ರದ ಬ್ರೌಸರ್‌ಗೂ ತನ್ನದೇ ಆದ ಕ್ಯಾಶ್ ಇರುತ್ತದೆ.

ನಕಲನ್ನು ಎಷ್ಟು ಕಾಲ ಬಳಸಬಹುದೆಂಬುದನ್ನು ಹಿಂಬದಿಯ ಸರ್ವರ್ ಚಿತ್ರದೊಡನೆ ಕಳುಹಿಸುವ ‘ಕ್ಯಾಶ್-ಕಂಟ್ರೋಲ್’ ಸೂಚನೆಯು ತಿಳಿಸುತ್ತದೆ. ಅದರಲ್ಲಿ ‘ಮ್ಯಾಕ್ಸ್-ಏಜ್’ 86400 ಎಂದಿದ್ದಲ್ಲಿ ಅಷ್ಟು ಸೆಕೆಂಡುಗಳು, ಅಂದರೆ ಒಂದು ದಿನ. ಇಲಾಖೆಯ ಲಾಂಛನಕ್ಕೆ ಇದು ಯುಕ್ತ. ಅರ್ಜಿದಾರರ ಭಾವಚಿತ್ರಕ್ಕೆ ಸಲ್ಲದು. ‘ಪ್ರೈವೇಟ್’ ಎಂದಿದ್ದಲ್ಲಿ ಬ್ರೌಸರ್ ಮಾತ್ರ ನಕಲನ್ನು ಇರಿಸಬಹುದು, ಮುಂಬದಿಯ ಸರ್ವರ್ ಇರಿಸತಕ್ಕದ್ದಲ್ಲ. ‘ನೋ-ಸ್ಟೋರ್’ ಎಂದಿದ್ದಲ್ಲಿ ಯಾರೂ ಇರಿಸುವಂತಿಲ್ಲ. ಸೈಬರ್ ಕೇಂದ್ರಗಳಿಂದ ಅರ್ಜಿ ಸಲ್ಲಿಸುವವರಿಗೆ ಇದೇ ಕ್ಷೇಮ. ‘ನೋ-ಕ್ಯಾಶ್’ ಎಂಬ ಹೆಸರು ಮಾತ್ರ ತಪ್ಪು ತಿಳಿವಳಿಕೆಗೆ ಎಡೆಮಾಡಿದೆ. ನಕಲನ್ನು ಇರಿಸಲೇಬಾರದೆಂದು ಅದರ ಅರ್ಥವಲ್ಲ, ಬಳಸುವ ಮುನ್ನ ಮೂಲವನ್ನು ವಿಚಾರಿಸತಕ್ಕದ್ದೆಂದು ಅರ್ಥ.

ವೇಗ ಹೆಚ್ಚಿಸುವ ಉದ್ದೇಶದಿಂದ ಈ ಸೂಚನೆಗಳನ್ನು ಕಡೆಗಣಿಸುವಂತೆ ಮುಂಬದಿಯ ಸರ್ವರನ್ನು ಅಣಿಗೊಳಿಸಲು ಸಾಧ್ಯವಿದೆ. ಎಂಜಿನ್ಎಕ್ಸ್ ತಂತ್ರಾಂಶದಲ್ಲಿ ಇದಕ್ಕೆ ಒಂದೇ ಸಾಲು ಸಾಕು. ಆಗ ಎಲ್ಲ ಅರ್ಜಿದಾರರ ಭಾವಚಿತ್ರಕ್ಕೂ ಒಂದೇ ವಿಳಾಸವಿದ್ದಲ್ಲಿ ಒಬ್ಬರ ಚಿತ್ರ ಮತ್ತೊಬ್ಬರ ಪರದೆಯಲ್ಲಿ ಕಾಣಿಸಿಕೊಳ್ಳಬಹುದು. ಹಳೆಯ ಚಿತ್ರ ಕಾಣುವುದಕ್ಕಿಂತ ಇದು ಗಂಭೀರ ಲೋಪ. ಪ್ರತಿ ಬಾರಿ ಚಿತ್ರ ಸೇರಿಸಿದಾಗಲೂ ಅದಕ್ಕೆ ಹೊಸ ಹೆಸರು ನೀಡುವುದು ಉತ್ತಮ ಕ್ರಮ. ಹೊಸ ವಿಳಾಸಕ್ಕೆ ಹಳೆಯ ನಕಲು ಇರುವುದಿಲ್ಲ.

ಅರ್ಜಿದಾರರು ಮೊದಲು ಕಂಟ್ರೋಲ್ ಕೀಲಿಯೊಡನೆ ಎಫ್5 ಒತ್ತಿ ಪುಟವನ್ನು ಹೊಸದಾಗಿ ಪಡೆಯತಕ್ಕದ್ದು. ಇದು ಬ್ರೌಸರ್‌ನ ನಕಲನ್ನು ಮಾತ್ರ ಬದಿಗಿರಿಸುತ್ತದೆ. ಮುಂಬದಿಯ ಸರ್ವರ್ ಈ ಕೋರಿಕೆಗೆ ಮಣಿಯದಿರಬಹುದು. ಬೇರೊಂದು ಗಣಕಯಂತ್ರದಲ್ಲಿಯೂ ಹಳೆಯ ಚಿತ್ರವೇ ಕಂಡುಬಂದಲ್ಲಿ ಅರ್ಜಿ ಸಂಖ್ಯೆ, ಬದಲಾವಣೆ ಮಾಡಿದ ದಿನಾಂಕ ಮತ್ತು ಸಮಯವನ್ನು ಸಹಾಯ ಕೇಂದ್ರಕ್ಕೆ ತಿಳಿಸಲು ಕೋರಲಾಗಿದೆ. ಅದುವರೆಗೆ ಎರಡನೆಯ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ.