ಮನೆಯಿಂದ ಅಟ್ಟಕ್ಕೆ ಇಂಟರ್ನೆಟ್: ನಂಬಿಕೆ ಬೇರೆ, ನಿಜ ಬೇರೆ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವರು ಸಿಗ್ನಲ್ಲಿಗಾಗಿ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತುತ್ತಿದ್ದರು. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳ ಜಗಲಿಯಲ್ಲೇ ರೂಟರ್ ಮಿಣುಕುತ್ತಿದೆ. ಆದರೆ ಕೆಲಸದ ಮೇಜು ಇರುವುದು ಅಂಗಳದಾಚೆ ಕೊಟ್ಟಿಗೆಯ ಅಟ್ಟದಲ್ಲಿ. ಅಡಿಕೆ ಕಾಯುವ ಕ್ಯಾಮೆರಾ ಇರುವುದು ಇನ್ನೂ ಆಚೆ. ಚಿರೇಕಲ್ಲಿನ ಗೋಡೆ, ಒದ್ದೆ ಸೊಪ್ಪು ದಾಟುವಷ್ಟರಲ್ಲಿ ವೈಫೈ ಸೋತುಹೋಗುತ್ತದೆ. ಕೇಬಲ್ ಎಳೆಯಲೇಬೇಕು. ತಪ್ಪು ನಂಬಿಕೆಗಳು ಶುರುವಾಗುವುದೂ ಅಲ್ಲಿಂದಲೇ.

‘ಸಿಡಿಲು ಮನೆಗೇ ಬಡಿದರೆ ಮಾತ್ರ ಹಾಳು’ ಎಂಬುದು ಅವುಗಳಲ್ಲಿ ದೊಡ್ಡದು. ಸಿಡಿಲು ಬೆಟ್ಟದ ಮರಕ್ಕೆ ಬಿದ್ದರೂ ಸಾಕು, ಹತ್ತಿರದ ಉದ್ದನೆಯ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ನೆಲಕ್ಕಿಳಿದ ವಿದ್ಯುತ್ ಹರಡುವಾಗ ಮನೆಯ ಅರ್ತಿಂಗಿಗೂ ಕೊಟ್ಟಿಗೆಯ ಅರ್ತಿಂಗಿಗೂ ಕ್ಷಣಕಾಲ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಅವೆರಡನ್ನೂ ಜೋಡಿಸಿರುವುದು ನಾವು ಎಳೆದ ಕೇಬಲ್ಲೇ. ನೆಟ್‌ವರ್ಕ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ನಿಯಮದ ಪ್ರಕಾರ ತಡೆಯಬೇಕಾದದ್ದು 1,500 ವೋಲ್ಟ್ ಮಾತ್ರ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಒಂದು ಗುಡುಗಿದರೆ ಎರಡೂ ತುದಿಯ ಪೆಟ್ಟಿಗೆಗಳು ಒಟ್ಟಿಗೆ ಸಾಯುವುದು ಹೀಗೆ. ಕೇಬಲನ್ನು ಹೂತರೂ ಈ ಕಾಟ ತಪ್ಪದು. ಶೀಲ್ಡ್ ಇರುವ ಕೇಬಲ್ ತಂದು, ಅದರ ಎರಡು ತುದಿಗಳನ್ನು ಎರಡು ಬೇರೆ ಬೇರೆ ಅರ್ತಿಂಗಿಗೆ ಸೇರಿಸಿದರಂತೂ ಆ ವಿದ್ಯುತ್ತಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಹಾಗಾದರೆ ಫೈಬರ್? ‘ಅದು ಕಂಪನಿಯವರ ಕೆಲಸ, ದುಬಾರಿ, ಗಾಜು ಒಡೆಯುತ್ತದೆ’ ಎನ್ನುವವರೇ ಹೆಚ್ಚು. ಗಾಜು ನಿಜ, ಆದರೆ ಕೂದಲಿನಷ್ಟು ತೆಳ್ಳಗಿರುವುದರಿಂದ ಬಾಗುತ್ತದೆ. ಚೂಪಾಗಿ ಮಡಚಬಾರದು, ಅಷ್ಟೇ. ಎರಡೂ ತುದಿಗೆ ಕನೆಕ್ಟರ್ ಕೂರಿಸಿದ ರೆಡಿ ಕೇಬಲ್ ಸಿಗುತ್ತದೆ. ಒಂದೇ ಎಳೆ ಸಾಕು: ವಿದ್ಯುತ್ ಸಂಕೇತವನ್ನು ಬೆಳಕಾಗಿ ಬದಲಿಸುವ ಎ, ಬಿ ಎಂಬ ಜೋಡಿ ಮೀಡಿಯಾ ಕನ್ವರ್ಟರುಗಳಲ್ಲಿ ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯದು. ಎರಡು ಕಡೆ ಗಮನ ಬೇಕು. ಕೆಲವು ಫೈಬರ್ ಕೇಬಲಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಕಟ್ಟಡದ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಇನ್ನು ಕನ್ವರ್ಟರಿಗೆ ಅಟ್ಟದಲ್ಲೂ ಕರೆಂಟ್ ಬೇಕು, ಆ ಕರೆಂಟ್ ಲೈನಿನಲ್ಲೂ ಸಿಡಿಲಿನ ಹೊಡೆತ ಬರಬಹುದು. ಗುಡುಗುವ ಮುನ್ನ ಪ್ಲಗ್ ಕೀಳುವ ಹಳೆಯ ಅಭ್ಯಾಸ ಬಿಡಬೇಡಿ.

ತಾಮ್ರವೇ ಸಾಕೆಂದರೆ, ನೆಟ್‌ವರ್ಕ್ ಕೇಬಲಿನ ಉದ್ದಕ್ಕಿರುವ 100 ಮೀಟರ್ ಮಿತಿಯನ್ನು ಅಂಗಳದ ಅಗಲದಿಂದ ಅಳೆಯಬೇಡಿ. ಗೋಡೆ ಹತ್ತಿ ಇಳಿಯುವುದೂ ಅದರ ಲೆಕ್ಕಕ್ಕೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಲೇಪಿಸಿದ್ದು. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದರಲ್ಲಿ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ. ಅದೇ ಕೇಬಲಿನಲ್ಲಿ ಕರೆಂಟ್ ಪಡೆಯುವ ಕ್ಯಾಮೆರಾ ಹಗಲೆಲ್ಲ ಸರಿಯಿದ್ದು, ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದೊಡನೆ ಬಂದ್ ಆಗುತ್ತಿದ್ದರೆ ಮೊದಲು ಕೇಬಲನ್ನೇ ಅನುಮಾನಿಸಿ.

ಬಣ್ಣ ಕಪ್ಪಿದ್ದ ಮಾತ್ರಕ್ಕೆ ಹೊರಾಂಗಣದ ಕೇಬಲ್ ಆಗುವುದಿಲ್ಲ. ಬಿಸಿಲಿಗೆ ತಾಳುವುದು ಪಾಲಿಎಥಿಲೀನ್ ಹೊದಿಕೆ. ಮನೆಯೊಳಗಿನ ಪಿವಿಸಿ ಹೊದಿಕೆ ಗಟ್ಟಿಯಾಗಿ ಸೀಳುತ್ತದೆ. ಸೀಳಿದಲ್ಲಿ ಹೊಕ್ಕ ನೀರು ಕೇಬಲಿನ ಒಳಗೊಳಗೇ ಇಳಿದು ರೂಟರ್ ಮುಟ್ಟುತ್ತದೆ. ‘ಪೈಪಿನಲ್ಲಿ ಹಾಕಿದೆ, ನೀರಿನ ಭಯವಿಲ್ಲ’ ಎಂಬುದೂ ಸುಳ್ಳು. ನಮ್ಮ ಮಳೆಗಾಲದಲ್ಲಿ ಹೂತ ಪೈಪಿಗೆ ನೀರು ಬಂದೇ ಬರುತ್ತದೆ. ಪೈಪಿಗೆ ಇಳಿಜಾರು ಕೊಡಿ, ತಗ್ಗಿನಲ್ಲಿ ತೂತಿಡಿ, ಗೋಡೆಯೊಳಗೆ ಹೋಗುವ ಮೊದಲು ಕೇಬಲನ್ನು ಕೆಳಗೆ ಇಳಿಬಿಟ್ಟು ಮೇಲೆತ್ತಿ. ಪೈಪ್ ಬೇಕಿರುವುದು ಹೆಗ್ಗಣ, ಮಂಗ, ಹಾರೆಗಳಿಂದ ಕೇಬಲನ್ನು ಕಾಪಾಡಲು. ಅದೇ ಪೈಪಿನಲ್ಲಿ ಪಂಪ್‌ಸೆಟ್ಟಿನ ಕರೆಂಟ್ ವಯರ್ ತೂರಿಸುವುದು ಮಾತ್ರ ಬೇಡವೇ ಬೇಡ.

ಒಂದೇ ಸೂರಿನಡಿ ತಾಮ್ರ ಇರಲಿ. ಬಯಲು ದಾಟಿ ಇನ್ನೊಂದು ಕಟ್ಟಡಕ್ಕೆ ಹೋಗುವುದಾದರೆ ಫೈಬರನ್ನೇ ಎಳೆಯಿರಿ, ಅದೂ ಅಡ್ಡಮಳೆಗೆ ಮೊದಲೇ.