ಬಟನ್ ಒತ್ತುವವರೆಗೆ ಕಾಯುವ ಪ್ರೋಗ್ರಾಂ

ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಲು ಬಂದ ವಿದ್ಯಾರ್ಥಿಗಳಿಗೆ ಮುಂದಿನ ಆಸೆ ಒಂದೇ: ಮೊಬೈಲಿನಲ್ಲಿ ಕಾಣುವಂತಹ ಬಟನ್ ಇರುವ ವಿಂಡೋ. ಕಮಠಾಣದಲ್ಲಿ ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಇದನ್ನು ಟಿಕಿಂಟರ್ ಬಳಸಿ ಕಲಿಸಿದೆ. ವಿಂಡೋಸ್‌ಗೆ ಪೈಥಾನ್ ಹಾಕಿಕೊಂಡಾಗ ಟಿಕಿಂಟರ್ ಜೊತೆಯಲ್ಲೇ ಬರುತ್ತದೆ. ಇಂಟರ್‌ನೆಟ್ ಇಲ್ಲದ ದಿನವೂ ಪಾಠ ನಿಲ್ಲುವುದಿಲ್ಲ.

ಲೆಕ್ಕ ಅವಳ ಮನೆಯದೇ: ಎರಡು ಚೀಲ ಸೋಯಾದ ತೂಕ ಕೂಡಿಸುವುದು. ತೂಕ ಬರೆಯಲು ಎರಡು ಎಂಟ್ರಿ, ಉತ್ತರಕ್ಕೆ ಒಂದು ಲೇಬಲ್, ಕೊನೆಗೆ ‘ಕೂಡಿಸು’ ಎಂಬ ಬಟನ್. ಇವನ್ನು ಹಾಜರಿ ಪುಸ್ತಕದ ಮನೆಗಳಂತೆ ಗ್ರಿಡ್‌ನಲ್ಲಿ ಕೂರಿಸುವುದು ಹತ್ತು ನಿಮಿಷದ ಕೆಲಸ. ಪಾಠಯೋಜನೆಯಲ್ಲಿ ಇದಕ್ಕೆ ಅದಕ್ಕಿಂತ ಹೆಚ್ಚು ಸಮಯ ಬೇಡ.

ಕಷ್ಟ ಇರುವುದು ಬೇರೆ ಕಡೆ. ಅದುವರೆಗೆ ಅವಳು ಬರೆದ ಪ್ರೋಗ್ರಾಂಗಳು ಮೇಲಿನ ಸಾಲಿನಿಂದ ಕೆಳಗಿನವರೆಗೆ ಓಡಿ ಮುಗಿಯುತ್ತಿದ್ದವು. ವಿಂಡೋ ಇರುವ ಪ್ರೋಗ್ರಾಂ ಮೇನ್‌ಲೂಪ್‌ಗೆ ಬಂದು ನಿಂತು, ಬಳಸುವವರು ಏನು ಮಾಡುತ್ತಾರೋ ಎಂದು ಕಾಯುತ್ತದೆ.

“ಸರ್, ಬಟನ್ ಒತ್ತಿದ್ರ ಏನೂ ಆಗವಲ್ದು” ಎಂದಳು. ಬಟನ್‌ನ ಕಮಾಂಡ್‌ನಲ್ಲಿ ಫಂಕ್ಷನ್‌ನ ಹೆಸರಿನ ಮುಂದೆ ಆವರಣವನ್ನೂ ಹಾಕಿದ್ದಳು. ಕೀಬೋರ್ಡನ್ನು ನಾನು ಮುಟ್ಟಲಿಲ್ಲ. ಫಂಕ್ಷನ್‌ನ ಮೊದಲ ಸಾಲಿನಲ್ಲಿ ‘ಬಂದೆ’ ಎಂದು ಪ್ರಿಂಟ್ ಮಾಡಿಸಲು ಹೇಳಿದೆ. ಮೌಸ್ ಮುಟ್ಟುವ ಮೊದಲೇ ‘ಬಂದೆ’ ಕಾಣಿಸಿತು. ಮತ್ತೆ ಎಷ್ಟು ಒತ್ತಿದರೂ ಬರಲಿಲ್ಲ. ಫೋನ್ ನಂಬರ್ ಬರೆದುಕೊಡುವುದು ಬೇರೆ, ಈಗಲೇ ಫೋನ್ ಮಾಡುವುದು ಬೇರೆ ಎಂದೆ. ಬಟನ್‌ಗೆ ಬೇಕಾದದ್ದು ನಂಬರ್ ಮಾತ್ರ. ಆವರಣವನ್ನು ಅವಳೇ ಅಳಿಸಿದಳು.

ಈಗ 52 ಮತ್ತು 48 ಬರೆದು ಒತ್ತಿದಳು. ಉತ್ತರ 5248. “ಎರಡ್ ಚೀಲಕ್ಕ ಐದ್ ಸಾವಿರ ಕಿಲೋನಾ!” ಎಂದು ನಕ್ಕಳು. ಎಂಟ್ರಿಯಿಂದ ಗೆಟ್ ತರುವುದು ಸಂಖ್ಯೆಯನ್ನಲ್ಲ, ಅಕ್ಷರಗಳನ್ನು. ಕೂಡು ಚಿಹ್ನೆ ಅವನ್ನು ಒಂದರ ಪಕ್ಕ ಒಂದು ಅಂಟಿಸುತ್ತದೆ. ಪೈಥಾನ್ ಇದನ್ನು ತಪ್ಪೆಂದು ತೋರಿಸುವುದಿಲ್ಲ. ಚೀಲದ ತೂಕ ಗೊತ್ತಿದ್ದುದರಿಂದ ಅವಳಿಗೆ ತಿಳಿಯಿತು. ಬರೀ ‘ಎ’, ‘ಬಿ’ ಎಂಬ ಸಂಖ್ಯೆಗಳನ್ನು ಕೊಟ್ಟಿದ್ದರೆ 5248 ಹಾಗೇ ನೋಟ್‌ಬುಕ್ ಸೇರುತ್ತಿತ್ತೇನೋ. ಎರಡೂ ಕಡೆ ಫ್ಲೋಟ್ ಹಾಕಿದ ಮೇಲೆ 100.0 ಬಂತು. (ಕನ್ನಡ ಅಂಕಿಯಲ್ಲಿ ೫೨ ಎಂದು ಬರೆದರೂ ಫ್ಲೋಟ್ ಒಪ್ಪುತ್ತದೆ, ತರಗತಿಯಲ್ಲಿ ತೋರಿಸಿ, ಮಕ್ಕಳಿಗೆ ಖುಷಿ.)

ಒಂದು ಎಂಟ್ರಿ ಖಾಲಿ ಬಿಟ್ಟರೆ ದೋಷದ ಸಂದೇಶ ಹಿಂದಿನ ಕನ್ಸೋಲ್‌ನಲ್ಲಿ ಬರುತ್ತದೆ, ವಿಂಡೋ ಮಾತ್ರ ಸುಮ್ಮನಿರುತ್ತದೆ. “ಅಪ್ಪಗ ಇದು ಹೆಂಗ್ ಗೊತ್ತಾಗ್ತದ?” ಎಂದು ಕೇಳಿದಳು. ಟ್ರೈ, ಎಕ್ಸೆಪ್ಟ್ ಕಲಿಸಲು ಬೇರೆ ಪೀಠಿಕೆ ಬೇಕಾಗಲಿಲ್ಲ. ಲೇಬಲ್‌ನಲ್ಲಿ ‘ತೂಕ ಬರೆಯಿರಿ’ ಎಂದು ತೋರಿಸಿದಳು.